ಹೊಸಪೇಟೆಗೆ ಬಂದ ಸಮುದ್ರ

ಹೊಸಪೇಟೆಗೆ ಸಮುದ್ರ ತಂದವರು ನಮ್ಮ ಸೋದರಮಾವ. ನಗಬೇಡಿ! ಮನೆಯ ಮಗ್ಗುಲಲ್ಲೇ ತುಂಗಭದ್ರೆಯ ಕಾಲುವೆ ತುಂಬಿ ಹರಿಯುವಾಗ, ಉಪ್ಪುನೀರನ್ನು ಸಿಹಿ ಮಾಡಲು ಕೂತವರು ಊರಿಗೆಲ್ಲ ಅವರೊಬ್ಬರೇ.

ಎಲ್ಲ ಶುರುವಾದದ್ದು ಚಹಾದಿಂದ. ಮಗಳು ಗಿರಿಜಾಳನ್ನು ಕರಾವಳಿಯ ಕಡೆ ಕೊಟ್ಟಿದ್ದರು. ಮೊದಲ ಬೇಸಿಗೆಯಲ್ಲಿ ನೋಡಲು ಹೋದರೆ ಬೀಗರ ಮನೆಯ ಚಹಾ ಉಪ್ಪುಪ್ಪು! ಸಕ್ಕರೆ ಡಬ್ಬಿ ಅದಲುಬದಲಾಗಿದೆ ಎಂದುಕೊಂಡ ಮಾವ, ಮಗಳ ಮರ್ಯಾದೆ ಉಳಿಸಲು "ಮಸ್ತ್ ಐತ್ರಿ" ಎನ್ನುತ್ತ ಮೂರು ಕಪ್ ಕುಡಿದರು. ಆಮೇಲೆ ತಿಳಿಯಿತು, ಬೇಸಿಗೆ ಬಂದರೆ ಅಲ್ಲಿನ ಬಾವಿಗೆ ಸಮುದ್ರದ ನೀರು ನುಗ್ಗುತ್ತದಂತೆ. ಕುಡಿಯುವ ಒಂದು ಕೊಡ ನೀರಿಗಾಗಿ ಗಿರಿಜಾ ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದಳು.

ಊರಿಗೆ ಮರಳಿದ ಮಾವ ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು: "ಬಾವಿ ಏನ್ ದೊಡ್ಡದು, ಸಮುದ್ರನ ಸಿಹಿ ಮಾಡಿ ತೋರಸ್ತೀನಿ! ಮುಂದಿನ ಬ್ಯಾಸಗಿಗೆ ನನ್ನ ಮಗಳು ಗುಡ್ಡ ಹತ್ತಬಾರದು."

ಮಾವನದು ದೇವರ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜಿಗೆ ಬರವಿಲ್ಲ, ನಮ್ಮೂರ ಬಿಸಿಲಿನ ಮಾತಂತೂ ಕೇಳಲೇಬೇಡಿ! ಕಪ್ಪು ಬಣ್ಣ ಬಳಿದ ತಗಡಿನ ತಟ್ಟೆಯಲ್ಲಿ ಉಪ್ಪುನೀರು, ಮೇಲೆ ಓರೆಯಾಗಿ ಗಾಜು. ಬಿಸಿಲಿಗೆ ಎದ್ದ ಆವಿ ಗಾಜಿನ ಒಳಮೈಗೆ ಕೂತು, ಹನಿಹನಿಯಾಗಿ ಇಳಿದು ತಂಬಿಗೆಗೆ ಬೀಳಬೇಕು. ಉಪ್ಪು ತಟ್ಟೆಯಲ್ಲೇ ಉಳಿಯಬೇಕು. ಸರಿ, ಸಮುದ್ರ ಎಲ್ಲಿಂದ ತರುವುದು? ಸಂಡೂರಿನ ಅದಿರು ಹೊತ್ತ ಲಾರಿಗಳು ಬಂದರಿಗೆ ಹೋಗಿ ಖಾಲಿ ಮರಳುತ್ತಿದ್ದ ಕಾಲ ಅದು. ಪ್ರತಿ ಹೊಸ ಲಾರಿಗೂ ಒಂದು ದೇವರ ಫೋಟೋ ಬೇಕೇ ಬೇಕು. ಡ್ರೈವರುಗಳೆಲ್ಲ ಮಾವನ ಗಿರಾಕಿಗಳೇ!

ಮೊದಲ ಕ್ಯಾನ್ ಬಂತು. ಸಂಜೆಗೆ ಇಳಿದ ನೀರಿನ ಒಂದು ಹನಿಯನ್ನು ಮಾವ ನನ್ನ ನಾಲಗೆಗೆ ಬಿಟ್ಟರು.

"ಉಪ್ಪು ಹೋಗೈತಿಲ್ಲೋ?"

"ಹೋಗೈತ್ರಿ ಮಾವ. ಡೀಸೆಲ್ ಬಂದೈತಿ."

ಡ್ರೈವರ್ ಮಹಾಶಯ ನೀರು ತುಂಬಿದ್ದು ಡೀಸೆಲ್ ಕ್ಯಾನಿನಲ್ಲಿ!

ಎರಡನೆಯ ಕ್ಯಾನ್ ಬಂದದ್ದು ಅಮಾವಾಸ್ಯೆಯ ದಿನ. ಮಾವ ಅಂಗಡಿಯಿಂದ ಬರುವಷ್ಟರಲ್ಲಿ ಓಣಿಯ ಅಜ್ಜಿಯರೆಲ್ಲ ಅಂಗಳದಲ್ಲಿ ಸಾಲುಗಟ್ಟಿ ಕೂತಿದ್ದರು. ಅತ್ತೆ ಕ್ಯಾನಿಗೆ ಕುಂಕುಮ ಹಚ್ಚಿ, ಹೂವು ಏರಿಸಿ, ಒಬ್ಬೊಬ್ಬರ ತಲೆಗೂ ಒಂದೊಂದು ಲೋಟ ಸುರಿಯುತ್ತಿದ್ದರು. ಕೂತಲ್ಲೇ ಸಮುದ್ರಸ್ನಾನ!

"ಏನ್ ಮಾಡಾಕತ್ತೀ? ಅದು ಪ್ರಯೋಗದ ನೀರು!"

"ಪುಣ್ಯ ಮನಿ ಬಾಗಲಿಗೆ ಬಂದ್ರ ಬ್ಯಾಡ ಅನ್ಬೇಕೇನ್ರಿ? ನೀವೂ ಕುಂದರ್ರಿ, ಇನ್ನೊಂದು ಲೋಟ ಉಳದೈತಿ."

ಮಾವ ಏನು ಮಾಡಿದರು ಅಂತೀರಿ? ಅಂಗಿ ಬಿಚ್ಚಿ ಕೂತರು.

ಮೂರನೆಯ ಕ್ಯಾನಿಗೆ ಕೆಂಪು ಧೂಳಿನ ಕಾಟ. ಅದಿರಿನ ಲಾರಿ ಹೋದಾಗಲೆಲ್ಲ ಗಾಜಿನ ಮೇಲೊಂದು ಪದರ. ಇನ್ನು ಬಿಸಿಲು ಒಳಗೆ ಇಳಿಯುವುದೆಲ್ಲಿಂದ? ಮಾವ ಹೆಗಲ ಟವೆಲ್ ಒದ್ದೆ ಮಾಡಿಕೊಂಡು ಪಕ್ಕದಲ್ಲೇ ಕೂತರು. ಲಾರಿ ಹೋಯಿತು, ಒರೆಸಿದರು. ಲಾರಿ ಬಂತು, ಒರೆಸಿದರು. ಸಂಜೆಗೆ ಸಿಕ್ಕಿದ್ದು ಒಂದು ಲೋಟ ಸಿಹಿನೀರು. ಗಾಜು ಒರೆಸಲು ಹೋದದ್ದು ಎರಡು ಬಕೆಟ್ ಕಾಲುವೆ ನೀರು! ಆದರೂ ಕುಡಿದು ನೋಡಿದೆ. ಉಪ್ಪಿನ ಸುಳಿವೇ ಇರಲಿಲ್ಲ.

ಮರುವರ್ಷದ ಬೇಸಿಗೆಗೆ ಲಾರಿಯಲ್ಲಿ ಗಿರಿಜಾಳ ಊರಿಗೆ ಸವಾರಿ ಹೊರಟಿತು. ಅದಿರಿನ ಮೇಲೆ ತಾಡಪಾಲು, ಅದರ ಮೇಲೆ ಬಾಗಿಲಿನಷ್ಟು ದೊಡ್ಡ ನಾಲ್ಕು ತಟ್ಟೆ. ಗಾಜುಗಳನ್ನು ಕೌದಿಯಲ್ಲಿ ಸುತ್ತಿ ಮಾವ ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ನಾನು. ದಾರಿಯುದ್ದಕ್ಕೂ, ಗುಂಡಿ ಬಂದಾಗಲೆಲ್ಲ "ನಿಧಾನ ಲೇ, ಕೂಸೈತಿ!" ಎಂದು ಡ್ರೈವರನಿಗೆ ಕೂಗು.

ಬೀಗರ ಅಂಗಳದಲ್ಲಿ ತಟ್ಟೆ ಹೂಡಿ ಬಾವಿಯ ನೀರು ತುಂಬಿದೆವು. ಮಧ್ಯಾಹ್ನದ ಹೊತ್ತಿಗೆ ಹನಿ ಇಳಿಯತೊಡಗಿತು. ಲೋಟ ತರಲು ನಾನು ಎದ್ದೆ. ಗಿರಿಜಾ ಕಾಯಲಿಲ್ಲ. ಚಿಕ್ಕವಳಿದ್ದಾಗ ಕಾಲುವೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಂತೆಯೇ ಕುಕ್ಕರಗಾಲಲ್ಲಿ ಕೂತು ಬೊಗಸೆಯೊಡ್ಡಿದಳು. ಬೊಗಸೆ ತುಂಬಿದ ಮೇಲೆ ಒಂದೇ ಉಸಿರಿಗೆ ಕುಡಿದಳು.

"ಅಪ್ಪಾ, ನಾಳೆ ಗುಡ್ಡಕ್ಕ ಹೋಗಂಗಿಲ್ಲ ನಾ."

ಮಾವ ಅತ್ತ ತಿರುಗಿ, ಹೆಗಲ ಟವೆಲ್ ತೆಗೆದು ಗಾಜು ಒರೆಸತೊಡಗಿದರು. ಅಲ್ಲಿ ಕೆಂಪು ಧೂಳು ಎಲ್ಲಿತ್ತು? ಗಾಜು ಲಕಲಕ ಹೊಳೆಯುತ್ತಿತ್ತು. ಆದರೂ ಮಾವ ಒರೆಸುತ್ತಲೇ ಇದ್ದರು.