‘ನಾನು’ ಎಂದರೆ ಬಾಗಿಲು ತೆಗೆಯದ ಭಾವ

ನಮ್ಮ ಭಾವನ ಮನೆಯ ಬಾಗಿಲು ಬಡಿದು, ಒಳಗಿನಿಂದ “ಯಾರು?” ಎಂದಾಗ “ನಾನು” ಎಂದಷ್ಟೇ ಹೇಳಿ ಒಳಗೆ ಕಾಲಿಟ್ಟವರು ಈ ಭೂಮಿಯ ಮೇಲೆ ಯಾರೂ ಇಲ್ಲ. ನಮ್ಮಕ್ಕನೂ ಇಲ್ಲ! ಅರಸೀಕೆರೆ ಸಂತೆಯಿಂದ ಎರಡು ಕೈಯಲ್ಲೂ ಚೀಲ ಹಿಡಿದು ಬಂದ ಅಕ್ಕ, ಸ್ವಂತ ಗಂಡನ ಮನೆಯ ಬಾಗಿಲ ಮುಂದೆ ನಿಂತು ತನ್ನ ಹೆಸರು, ತಂದೆಯ ಹೆಸರು ಒಪ್ಪಿಸುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

“ಧ್ವನಿ ಗೊತ್ತಾಗಲ್ವೇನ್ರೀ ನಿಮಗೆ?”

“ಧ್ವನಿ ಗೊತ್ತಾಯ್ತು ಅಂತ ಬಾಗಿಲು ತೆಗೆದೋರೇ ಕಣೇ ಕೆಟ್ಟಿರೋದು. ನಾನು ಅಂದ್ರೆ ಯಾರು? ಪ್ರಪಂಚದಲ್ಲಿ ಇರೋರೆಲ್ಲ ನಾನೇ!”

ನಾನೋ ಹುಟ್ಟಾ ಪುಕ್ಕಲ. ಹಳೇಬೀಡಿನಲ್ಲಿ ಮೇಷ್ಟ್ರಾಗಿದ್ದರೂ, ಮಕ್ಕಳು ಕೈ ಎತ್ತಿದರೆ ಪ್ರಶ್ನೆ ಕೇಳಿಬಿಡುತ್ತಾರೇನೋ ಎಂದು ಎದೆ ಹೊಡೆದುಕೊಳ್ಳುವ ಜಾತಿ. ಇಂಥವನಿಗೆ ಇಂಥ ಭಾವ! ಆ ಮನೆಯ ಅಡುಗೆಮನೆಗೆ ಹೋಗಲೂ ನನಗೆ ಭಯ. ಉಪ್ಪಿನ ಡಬ್ಬಿಗೆ ‘ಉಪ್ಪು’ ಎಂದು ಚೀಟಿ, ನೀರಿನ ಬಿಂದಿಗೆಗೆ ‘ನೀರು’ ಎಂದು ಚೀಟಿ. ಡಬ್ಬಿ ಖಾಲಿಯಾದ ತಕ್ಷಣ ಚೀಟಿ ಕಿತ್ತುಹಾಕಬೇಕು. ಖಾಲಿ ಡಬ್ಬಿಯ ಮೇಲೆ ಹೆಸರಿದ್ದರೆ ಅದು ಸುಳ್ಳು ಸಾಕ್ಷಿಗೆ ಸಮ ಎನ್ನುವುದು ಭಾವನ ಸಿದ್ಧಾಂತ. ಒಮ್ಮೆ ನಮ್ಮಮ್ಮ ಚೀಟಿ ಇಲ್ಲದ ಬಾಟಲಿಯಲ್ಲಿ ತುಪ್ಪ ಕಳಿಸಿದ್ದರು. ಭಾವ ಅದನ್ನು ಹಿತ್ತಿಲಿನ ತೆಂಗಿನ ಬುಡಕ್ಕೆ ಸುರಿದುಬಿಟ್ಟರು.

“ಅಯ್ಯೋ, ಮೂಸಿ ನೋಡಿದ್ರೆ ಗೊತ್ತಾಗ್ತಿರಲಿಲ್ವೇ?” ಎಂದು ಅಕ್ಕ ಗೋಳಾಡಿದಳು.

“ಮೂಗಿಗೆ ಗೊತ್ತಾಗೋದು ವಾಸನೆ. ಒಳಗೇನಿದೆ ಅಂತಲ್ಲ.”

ಅಕ್ಕ ಮೂರು ದಿನ ಮಾತು ಬಿಟ್ಟಳು. ಭಾವ ಅದನ್ನು ಗಮನಿಸಲಿಲ್ಲ ಎಂಬುದು ಬೇರೆ ಮಾತು.

ಭಾವನಿಗೆ ಅರಸೀಕೆರೆಯ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿ. ಕೊಬ್ಬರಿ ವ್ಯಾಪಾರಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವುದು ಕಸುಬು. ಎರಡು ಸಾವಿರದ ಇಸವಿಯ ಆಚೀಚೆ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಒಂದು ಸಿ.ಡಿ. ಬಂತು. ಅದರಲ್ಲಿ ಒಂದು ಇಡೀ ಆಪರೇಟಿಂಗ್ ಸಿಸ್ಟಂ ಇತ್ತು, ಅದನ್ನು ನಡೆಸುವ ಒಳಗಿನ ಬರಹವನ್ನೆಲ್ಲ ಯಾರು ಬೇಕಾದರೂ ಓದಿ ತಿದ್ದುವಂತೆ ಬಿಚ್ಚಿಟ್ಟು. ಭಾವ ಅದಕ್ಕೆ ಅಂಟಿಕೊಂಡವರು ಮತ್ತೆ ಬಿಡಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ನನಗೂ ಪಾಠ ಶುರುಮಾಡಿದರು. ತಪ್ಪಿಸಿಕೊಳ್ಳೋಣವೆಂದರೆ ಹಳೇಬೀಡಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

“ಮದುವೆ ಮನೆ ಉಗ್ರಾಣ ನೋಡಿದ್ದೀಯಲ್ಲ? ಕಂಪ್ಯೂಟರಿನ ಒಳಗೂ ಹಾಗೇ ಒಂದು ಉಗ್ರಾಣ ಇದೆ, ಕರ್ನಲ್ ಅಂತ. ತಕ್ಕಡಿಗೊಂದು, ಪ್ರಿಂಟರಿಗೊಂದು, ಒಂದೊಂದು ಸಾಮಾನಿಗೂ ಒಬ್ಬೊಬ್ಬ ಡ್ರೈವರ್, ಅಂದ್ರೆ ಆ ಸಾಮಾನನ್ನ ಮಾತಾಡಿಸೋ ಪ್ರೋಗ್ರಾಂ. ಅವನು ತನ್ನ ಖಾಸಗಿ ಮಾಹಿತೀನ ಗಂಟು ಕಟ್ಟಿ ಉಗ್ರಾಣದಲ್ಲಿ ಇಟ್ಟಿರ್ತಾನೆ. ಕೇಳಿದಾಗ ಉಗ್ರಾಣದೋನು ಗಂಟು ಕೊಡ್ತಾನೆ. ಬಿಚ್ಚಿ ನೋಡಲ್ಲ.”

“ಗಂಟಿನ ಮೇಲೆ ಚೀಟಿ ಇರಲ್ವ ಭಾವ?”

ಈ ಪ್ರಶ್ನೆಗೆ ಭಾವನ ಮುಖ ಸಣ್ಣದಾಯಿತು. “ಇರಲ್ಲ ಕಣೋ. ಅದೇ ಅದರ ದೊಡ್ಡ ರೋಗ. ಬೆಲ್ಲದ ಗಂಟು ಅಂತ ಸುಣ್ಣದ ಗಂಟು ತಗೊಂಡ್ರೂ ಯಾರೂ ಕೇಳೋದಿಲ್ಲ. ಆದ್ರೆ ಬರೆಯೋನು ನಾನು, ತಗೊಳ್ಳೋನೂ ನಾನು. ನಾನು ಇಟ್ಟಿದ್ದು ನನಗೆ ಗೊತ್ತಿರಲ್ವ?”

‘ನಾನು’ ಎಂದರೆ ಬಾಗಿಲು ತೆಗೆಯದ ಮನುಷ್ಯ ಆಡಿದ ಮಾತು ಇದು! ಆಗಲೇ ಕೇಳಬೇಕಿತ್ತು. ಬಸ್ಸಿನ ಚಿಂತೆಯಲ್ಲಿ ಕೇಳಲಿಲ್ಲ.

ಆ ವರ್ಷ ಬಿಕ್ಕೋಡು ಕಡೆಯ ಒಂದು ಕಾಫಿ ತೋಟದವರು ಭಾವನನ್ನು ಕರೆಸಿದರು. ಕಾಫಿ ಒಣಗಿಸುವ ದೊಡ್ಡ ಡ್ರಮ್ಮಿಗೆ ಕೆಳಗೆ ಸೌದೆ ಒಲೆ. ಒಳಗಿನ ಶಾಖ ಎಷ್ಟು, ಒಣಗಿದ ಕಾಫಿ ಎಷ್ಟು ಕೆ.ಜಿ., ಎರಡೂ ಕಂಪ್ಯೂಟರಿನಲ್ಲಿ ಕಾಣಬೇಕು. ಕೊಯ್ಲಿನ ಅವಸರ, ಬೇಗ ಮಾಡಿ ಎಂದರು. ಭಾವ ಎರಡೇ ವಾರದಲ್ಲಿ ಎರಡಕ್ಕೂ ಡ್ರೈವರ್ ಬರೆದು ಮುಗಿಸಿದರು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿದ ನನ್ನನ್ನು ವೈರು ಹಿಡಿಯಲು ಜೊತೆಗೆ ಎಳೆದುಕೊಂಡು ಹೋದರು.

ಒಲೆ ನೋಡಿಕೊಳ್ಳುವವನು ಸಣ್ಣಯ್ಯ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅವನು ಇಪ್ಪತ್ತು ವರ್ಷದಿಂದ ಡ್ರಮ್ಮಿನ ಬದಿಗೆ ಅಂಗೈ ಇಟ್ಟು ನೋಡಿಯೇ ಬೆಂಕಿ ಹೆಚ್ಚು ಕಡಿಮೆ ಮಾಡುತ್ತಿದ್ದನಂತೆ. ಭಾವ ಯಂತ್ರ ಚಾಲೂ ಮಾಡಿ, ಮೊದಲು ಶಾಖದ ಅಂಕಿ ಮಾತ್ರ ತೆರೆದರು. ಪರದೆಯ ಮೇಲೆ ಶಾಖ ನಲವತ್ತೊಂದು ಡಿಗ್ರಿ ಎಂದು ಬಂತು.

“ಸಾಲದು. ಸೌದೆ ಹಾಕಪ್ಪ ಸಣ್ಣಯ್ಯ.”

ಸಣ್ಣಯ್ಯ ಹಾಕಿದ. ಅರ್ಧ ಗಂಟೆಯಾದರೂ ನಲವತ್ತೊಂದೇ. ಇನ್ನಷ್ಟು ಹಾಕಿದ. ಆಗಲೂ ನಲವತ್ತೊಂದೇ. ಸಣ್ಣಯ್ಯ ಅಂಗೈ ಇಟ್ಟವನು ಚಟ್ಟನೆ ಹಿಂದಕ್ಕೆ ಎಳೆದುಕೊಂಡ.

“ಸೋಮಿ, ಬಲು ಕಾದೈತೆ. ಮಕ ಸುಡ್ತೈತೆ ಇಲ್ಲಿ.”

“ಕೈಗೆ ಗೊತ್ತಾಗೋದು ಬಿಸಿ ಕಣಪ್ಪ. ಶಾಖ ಎಷ್ಟು ಅಂತಲ್ಲ. ಹಾಕು.”

ಮೂಗಿಗೆ ಹೇಳಿದ ಮಾತನ್ನೇ ಕೈಗೂ ಹೇಳಿದರು. ಸೀದ ವಾಸನೆ ಬರುತ್ತಿತ್ತು, ಡ್ರಮ್ಮಿನೊಳಗಿಂದ ಚಿಟಿಚಿಟಿ ಸದ್ದು ಬರುತ್ತಿತ್ತು. ಹೇಳೋಣವೆಂದರೆ ಭಾವ, ಓಡಿಹೋಗೋಣವೆಂದರೂ ಭಾವ! ಎರಡೂ ಆಗದೆ ನಾನು ಹತ್ತಿರದಲ್ಲಿದ್ದ ತಕ್ಕಡಿಯ ಹಲಗೆಯ ಮೇಲೆ, ಅಲ್ಲಿದ್ದ ಕಾಫಿ ಮೂಟೆಯ ಪಕ್ಕದಲ್ಲೇ ಹೋಗಿ ಕುಳಿತೆ.

ಪರದೆಯ ಮೇಲಿನ ಶಾಖ ತೊಂಬತ್ತೊಂಬತ್ತಕ್ಕೆ ಹಾರಿತು.

“ಏಳು!” ಎಂದು ಭಾವ ಕಿರುಚಿದರು. ಎದ್ದೆ. ನಲವತ್ತೊಂದು. “ಕೂತ್ಕೋ!” ಕುಳಿತೆ. ತೊಂಬತ್ತೊಂಬತ್ತು.

ನನ್ನ ತೂಕ ಐವತ್ತೆಂಟು ಕೆ.ಜಿ. ಬೇರೆ ಯಾವ ಹೊತ್ತಿನಲ್ಲಾದರೂ ನಗಬಹುದಾಗಿತ್ತು. ಇಷ್ಟು ಹೊತ್ತೂ ನಾವು ಶಾಖ ಎಂದು ನೋಡುತ್ತಿದ್ದುದು ಒಂದು ಮೂಟೆ ಕಾಫಿಯ ತೂಕವನ್ನು! ಹಾಗಾದರೆ ಡ್ರಮ್ಮಿನೊಳಗೆ ನಿಜವಾದ ಶಾಖ ಎಷ್ಟಿತ್ತು? ಅದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನ ಮಾತನ್ನು ನಾವು ಕೇಳಿರಲಿಲ್ಲ.

“ಸಣ್ಣಯ್ಯ, ಬಿಟ್ಟು ಬಾರೋ ಈಚೆ!” ಎನ್ನುತ್ತ ಭಾವ ಒಲೆಯ ಕಡೆ ಓಡಿದರು. ಅಷ್ಟರಲ್ಲಿ ಸಣ್ಣಯ್ಯ ಉರಿಯುವ ಸೌದೆ ಈಚೆಗೆ ಎಳೆಯಲು ಒಲೆಯ ಬಾಗಿಲು ತೆಗೆದಿದ್ದ. ಭಗ್ಗೆಂದು ಬಂದ ಬೆಂಕಿ ಅವನ ಬಲಗೈಯನ್ನು ಮೊಣಕೈವರೆಗೂ ನೆಕ್ಕಿತು.

ಬೇಲೂರಿನ ಆಸ್ಪತ್ರೆಗೆ ಜೀಪಿನಲ್ಲಿ ಹೋದ ಆ ದಾರಿಯನ್ನು ನಾನು ಮರೆತಿಲ್ಲ. ಸಣ್ಣಯ್ಯ ಒಮ್ಮೆಯೂ ಕೂಗಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಭಾವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ನಕಲು ಮಾಡಿದೆ ಕಣೋ. ತಕ್ಕಡಿಗೆ ಬರೆದ ಸಾಲನ್ನೇ ನಕಲು ಮಾಡಿ ಶಾಖಕ್ಕೂ ಹಾಕಿದೆ. ಹೆಸರು ಬದಲಾಯಿಸೋದು ಮರೆತೆ. ತಕ್ಕಡಿ ಗಂಟು ಶಾಖದ ಕೈಗೆ ಹೋಯ್ತು” ಎಂದು ನನಗೆ ಹೇಳುತ್ತಲೇ ಇದ್ದರು. ತಪ್ಪು ಎಷ್ಟು ದೊಡ್ಡದು ಎಂದರೆ, ಒಂದು ಹೆಸರಿನಷ್ಟು.

ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರು. ಭಾವ ನಂಬಲಿಲ್ಲ. ಅಂಗಡಿ ಮುಚ್ಚಿ ಮನೆ ಸೇರಿದರು, ಊಟವನ್ನೂ ಬಿಟ್ಟರು. ಬಾಗಿಲು ಬಡಿದರೆ ಈಗಲೂ “ಯಾರು?” ಎನ್ನುತ್ತಿದ್ದರು. ಆದರೆ ಅದು ಮೊದಲಿನ ದರ್ಬಾರಿನ ‘ಯಾರು’ ಅಲ್ಲ. ಬಿಕ್ಕೋಡಿನಿಂದ ಕೆಟ್ಟ ಸುದ್ದಿ ಹೊತ್ತು ಯಾರೋ ಬಂದಿದ್ದಾರೆ ಎಂಬ ನಡುಕದ ‘ಯಾರು’. ಬಂದವನು ಪೇಪರಿನವನು ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಲ್ಲುತ್ತಿದ್ದರು.

ಒಂದೂವರೆ ತಿಂಗಳಾದ ಮೇಲೆ ಅಕ್ಕ ಫೋನು ಮಾಡಿದಳು. “ನಿನ್ನನ್ನ ಕರೀತಿದ್ದಾರೆ ಕಣೋ. ಅದೇನೋ ತಪ್ಪು ಮಾಡಬೇಕಂತೆ, ನೀನೇ ಆಗಬೇಕಂತೆ.”

ಹೋದೆ. ಭಾವ ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿದರು. ಎಲ್ಲವನ್ನೂ ಹೊಸದಾಗಿ ಬರೆದಿದ್ದರು. ಈಗ ಯಾರೂ ನೇರವಾಗಿ ಉಗ್ರಾಣಕ್ಕೆ ಕೈ ಹಾಕುವಂತಿಲ್ಲ. ತಕ್ಕಡಿಯ ಗಂಟಿಗೆ ಒಂದೇ ಕಿಟಕಿ, ಶಾಖದ ಗಂಟಿಗೆ ಇನ್ನೊಂದು. ಕಿಟಕಿಯಿಂದ ಬಂದ ಗಂಟಿಗೆ ಅದರದೇ ಹೆಸರು, ಆ ಹೆಸರಿನ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಕೊಡಲು ಬಾರದು.

“ತಪ್ಪು ಮಾಡು. ಶಾಖ ಇರೋ ಕಡೆ ತಕ್ಕಡಿ ಅಂತ ಹಾಕು.”

ಹಾಕಿದೆ. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಅಲ್ಲೇ ಅಡ್ಡಗಾಲು ಹಾಕಿತು. ಇದು ತಕ್ಕಡಿಯದ್ದು, ಶಾಖದ್ದಲ್ಲ, ಆಗುವುದಿಲ್ಲ ಎಂದಿತು. ಒಲೆ ಹೊತ್ತಿಸುವ ಮೊದಲೇ, ಅರಸೀಕೆರೆಯಲ್ಲೇ! ಸಂಜೆಯವರೆಗೆ ಹತ್ತಾರು ಬಗೆಯಲ್ಲಿ ತಪ್ಪು ಮಾಡಿದೆ. ಹತ್ತಾರು ಸಲ ಬೈಸಿಕೊಂಡೆ. ತಪ್ಪು ಮಾಡುವುದರಲ್ಲಿ ನನಗಿರುವ ಪ್ರತಿಭೆಯನ್ನು ಗುರುತಿಸಿದವರು ಭಾವ ಒಬ್ಬರೇ.

“ಇನ್ನೇನು ಭಾವ, ತೋಟಕ್ಕೆ ಹೋಗಿ ಹಾಕಿ ಬರೋಣ” ಎಂದೆ.

“ಕಂಪೈಲರು ಬೈದ್ರೆ ಸಾಕೇನೋ? ಬೈಯಬೇಕಾದೋನು ಸಣ್ಣಯ್ಯ. ಅವನು ಬೈದೇ ಇಲ್ವಲ್ಲೋ” ಎಂದು ಭಾವ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

“ಯಾರು?” ಎಂದರು ಭಾವ, ಅದೇ ಸಣ್ಣ ದನಿಯಲ್ಲಿ.

“ನಾನು.”

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ.

“ನಾನು ಅಂದ್ರೆ ಯಾರು?”

“ಬಿಕ್ಕೋಡಿಂದ ಬಂದಿವ್ನಿ ಸೋಮಿ. ಒಲೆ ನೋಡೋ ಸಣ್ಣಯ್ಯ. ಬದುಕಿವ್ನಿ.”

ಭಾವ ಎದ್ದು ಓಡಿದರು. ಚಿಲಕ ತೆಗೆಯುವುದು ಬಿಟ್ಟು ಬಾಗಿಲನ್ನೇ ಎಳೆಯತೊಡಗಿದರು, ಚಿಲಕವನ್ನು ಅಕ್ಕನೇ ತೆಗೆದಳು. ಸಣ್ಣಯ್ಯನ ಬಲಗೈಯ ಚರ್ಮ ಸುಕ್ಕಾಗಿ ಕೆಂಪಗಿತ್ತು. ಭಾವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು.

“ನೀವು ಊಟ ಬಿಟ್ಟೀರಂತೆ, ತೋಟದೋರು ಅಂದ್ರು. ನೋಡ್ಕಂಡ್ ಓಗಾನ ಅಂತ ಬಂದೆ” ಎಂದ ಸಣ್ಣಯ್ಯ, ಎಡಗೈಯಲ್ಲಿದ್ದ ಡಬ್ಬಿಯನ್ನು ಅಕ್ಕನಿಗೆ ಕೊಟ್ಟ. “ನಿಮ್ ಮನೇಲಿ ಚೀಟಿ ಇಲ್ದೆ ಒಳಕ್ ಬಿಡಕ್ಕಿಲ್ಲ ಅಂತ ಮೇಷ್ಟ್ರು ಅವತ್ತು ಅಂದಿದ್ರಲ್ಲವ್ವ. ಅದ್ಕೇ ನನ್ ಮಗಳ ಕೈಲಿ ಬರೆಸ್ಕಂಡ್ ಬಂದಿವ್ನಿ.”

ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಲ್ಲಿ ದುಂಡಗೆ ಬರೆದಿತ್ತು: ‘ಕಾಫಿ ಪುಡಿ. ಹೆದರಬೇಡಿ.’

ಆ ಪುಡಿ ಒಂದೇ ತಿಂಗಳಿಗೆ ಮುಗಿಯಿತು. ಖಾಲಿ ಡಬ್ಬಿಯ ಮೇಲೆ ಹೆಸರಿರಕೂಡದು ಎನ್ನುವ ನಮ್ಮ ಭಾವ, ಆ ಒಂದು ಚೀಟಿಯನ್ನು ಮಾತ್ರ ಇವತ್ತಿಗೂ ಕಿತ್ತಿಲ್ಲ.