ಪಾಯಾಳು ಹುಡುಕುತ್ತಾ ಅಕ್ಕಲಕೋಟಕ್ಕೆ

ನವಿ ಪೇಠದ ನನ್ನ ಸೀರೆ ಅಂಗಡಿಯಲ್ಲಿ ಮೂವತ್ತು ವರ್ಷ ಗಾದಿಯ ಮೇಲೆ ಕೂತ ಫಲವಾಗಿ ನನಗೆ ಸೊಂಟನೋವು ಪ್ರಾಪ್ತವಾಗಿತ್ತು. ಡಾಕ್ಟರರ ಗುಳಿಗೆಗೆ ಅದು ಮರ್ಯಾದೆಯನ್ನೇ ಕೊಡಲಿಲ್ಲ. ಇನ್ನು ಎಂಟು ದಿನಕ್ಕೆ ಮಗಳ ಮದುವೆ. ಮಣೆಯ ಮೇಲೆ ಕೂತು ನಾನೇ ಧಾರೆ ಎರೆಯಬೇಕು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು! ಆದರೂ ನಾನು ಹೆದರಲಿಲ್ಲ. ನನ್ನ ಹತ್ತಿರ ಮೊಬೈಲ್ ಇತ್ತು.

ಅದನ್ನು ನೋಡಿಕೊಂಡು ಅಂಗಡಿಯಲ್ಲೇ ಯೋಗಾಸನ ಆರಂಭಿಸಿದೆ. ಮುಂದಕ್ಕೆ ಬಾಗುವ ಕಾರ್ಯಕ್ರಮ ಸಾಂಗವಾಗಿ ನೆರವೇರಿತು. ಏಳುವ ಕಾರ್ಯಕ್ರಮ ರದ್ದಾಯಿತು! ಅದೇ ಹೊತ್ತಿಗೆ ಒಳಗೆ ಬಂದ ಮುದುಕಿಯೊಬ್ಬಳು, ನಾನು ಅವಳ ಕಾಲಿಗೆ ಬೀಳುತ್ತಿದ್ದೇನೆಂದು ತಿಳಿದು, "ನೂರ ವರ್ಷ ಬಾಳಪಾ" ಎಂದು ಹರಸಿದಳು. ಈ ಸೊಂಟ ಇಟ್ಟುಕೊಂಡು ನೂರು ವರ್ಷವೇ!

ಮರುದಿನ ವಳಸಂಗದ ಗೆಳೆಯನೊಬ್ಬ ಎಣ್ಣೆ ತಂದುಕೊಟ್ಟ. ಹಚ್ಚಿಕೊಂಡು ಕೂತೆ. ನೋವು ಇದ್ದಲ್ಲೇ ಇತ್ತು. ಎಣ್ಣೆ ಮಾತ್ರ ಗಾದಿಗೆ ಹೋಗಿ, ಅಲ್ಲಿಂದ ಒಂದು ರೇಷ್ಮೆ ಸೀರೆಗೂ ಹೋಯಿತು.

ಕೊನೆಗೆ ಪಕ್ಕದ ಅಂಗಡಿಯ ಕಾಕಾ ಹೇಳಿದರು: "ಪಾಯಾಳು ಹುಡಕಪಾ. ಒಮ್ಮಿ ಒದ್ರ ಸಾಕು, ಸೊಂಟ ನೆಟ್ಟಗಾಗ್ತದ."

ಹುಟ್ಟುವಾಗ ಕಾಲು ಮುಂದಾಗಿ ಬಂದವರಿಗೆ ನಮ್ಮ ಕಡೆ ಪಾಯಾಳು ಎನ್ನುತ್ತಾರೆ. ಅವರು ಒದ್ದರೆ ಸೊಂಟನೋವು ಓಡಿಹೋಗುತ್ತದೆಂಬ ನಂಬಿಕೆ. ನಾನು ಪೇಠದ ತುಂಬ ಕೇಳುತ್ತಾ ಹೋದೆ: "ನೀವು ಹ್ಯಾಂಗ ಹುಟ್ಟೀರಿ?" ಒಬ್ಬ ಗಿರಾಕಿ ಸೀರೆ ಬಿಟ್ಟು ಎದ್ದೇ ಹೋದ!

ಅಕ್ಕಲಕೋಟದಲ್ಲಿರುವ ನನ್ನ ಅತ್ತೆಗೆ ಊರವರ ಹೆರಿಗೆಗಳೆಲ್ಲ ಬಾಯಿಪಾಠ. ಹೆಂಡತಿ ಸುಶೀಲಾಳನ್ನು ಕರೆದುಕೊಂಡು, ಬಸ್ಸಿನ ಪ್ರತಿ ಕುಲುಕಿಗೂ ದೇವರನ್ನು ನೆನೆಯುತ್ತಾ ಅಲ್ಲಿಗೆ ಹೋದೆ. ವಿಷಯ ಕೇಳಿ ಅತ್ತೆ ನಕ್ಕರು.

"ಮನ್ಯಾಗ ಪಾಯಾಳು ಇಟಗೊಂಡು ಇಲ್ಲಿ ಹುಡುಕಾಕ ಬಂದೀರೇನ್ರಿ ಅಳಿಯಂದ್ರ? ಸುಶೀಲಾ ಹುಟ್ಟಿದ್ದ ಕಾಲು ಮುಂದಾಗಿ!"

ನಾನು ಹೆಂಡತಿಯತ್ತ ತಿರುಗಿದೆ. "ಯಾಕ ಹೇಳ್ಲಿಲ್ಲ?"

"ಊರ ಮಂದೀನ್ನೆಲ್ಲ ಕೇಳಿದ್ರಿ, ನನ್ನ ಕೇಳಿದ್ರೇನ್ರಿ? ಮತ್ತ ಗಂಡಗ ಒದೀತೀನಿ ಅಂತ ನಾನಾಗಿ ಹ್ಯಾಂಗ ಹೇಳ್ಲಿ?"

ಅಂಗಳದಲ್ಲಿ ಬೆನ್ನು ಮಾಡಿ ನಿಂತೆ. ಅವಳು ಹೂ ಮುಟ್ಟಿಸಿದ ಹಾಗೆ ಪಾದ ಮುಟ್ಟಿಸಿದಳು. ಏನೂ ಆಗಲಿಲ್ಲ.

"ಸಿಟ್ಟ ಬರೂ ಹಂಗ ಏನರೆ ನೆನಸ್ಕೊ," ಎಂದೆ ಧೀರೋದಾತ್ತವಾಗಿ.

"ಯಾವದು ನೆನಸ್ಲಿ?" ಎಂದವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಒದ್ದಳು!

ನಾನು ಜೋಳದ ಚೀಲದ ಮೇಲೆ ಬೋರಲು ಬಿದ್ದೆ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಎದ್ದೆ. ನೆಟ್ಟಗೆ ಎದ್ದೆ! ಕಣ್ಣು ತುಂಬಿ ಬಂತು. ಮೂವತ್ತು ವರ್ಷ ಪಕ್ಕದಲ್ಲೇ ಇದ್ದವಳನ್ನು ಕಾಣಲು ಇಷ್ಟು ದೂರ ಬಂದು ಬೋರಲು ಬೀಳಬೇಕಾಯಿತಲ್ಲ ಎಂದು ಅತ್ತೆಯ ಎದುರಿಗೇ ಅವಳಿಗೆ ಕೈಮುಗಿದೆ. ಆ ಒದೆಗೆ ನಾನು ಇಂದಿಗೂ ಕೃತಜ್ಞ.

ಮದುವೆಯ ದಿನ ಮಣೆಯ ಮೇಲೆ ಎರಡು ತಾಸು ಕೂತೆ. ಧಾರೆ ಎರೆಯುವಾಗ ಮಗಳ ಮುಖ ನೋಡಿ ಕಣ್ಣೀರು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಸುಶೀಲಾ ಗಾಬರಿಯಿಂದ ಕಿವಿಯಲ್ಲಿ ಕೇಳಿದಳು:

"ಸೊಂಟ ನೋಯಾಕತ್ತದೇನ್ರಿ? ಇನ್ನೊಮ್ಮಿ ಒದೀಲೇನು?"

ಐನೂರು ಜನರ ಎದುರು ನಾನು ಕಣ್ಣೊರೆಸಿಕೊಂಡು ಕಂಬದಂತೆ ನೆಟ್ಟಗೆ ಕೂತೆ!