ದೀಪಕ್ಕೆಂದು ತಂದ ಕೊಕ್ಕೆ

ಚೊಚ್ಚಲ ಮಗು ಹುಟ್ಟುವ ಮೊದಲು ಏನೇನು ಕೊಂಡು ತರಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಒಂದೇ ಉತ್ತರ ನಡೆದುಬಂದಿದೆ: ಏನನ್ನೂ ತರಬಾರದು. ವಿಧಿಗೆ ಬೇರೆ ಕೆಲಸವಿಲ್ಲ. ಅದು ಬಳೇಪೇಟೆಯ ಅಂಗಡಿಗಳ ಮುಂದೆ ನಿಂತು, ಯಾರು ಹಸುಗೂಸಿನ ಕುಲಾವಿ ಕೊಳ್ಳುತ್ತಾರೆಂದು ಕಾದು ನೋಡಿ, ಕೊಂಡವರ ಹಿಂದೆಯೇ ಮನೆಯವರೆಗೂ ನಡೆದುಬರುತ್ತದೆ ಎಂಬುದು ನಮ್ಮ ಹಿರಿಯರ ನಂಬಿಕೆ. ನಾನು ಬಿ.ಎ. ಓದಿದವನು. ಹೈಸ್ಕೂಲಿನ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟು ಅನ್ನ ತಿನ್ನುವವನು. ಈ ನಂಬಿಕೆಯನ್ನು ಹೀಯಾಳಿಸುವುದು ನನ್ನ ಪದವಿಯ ಜೊತೆಗೇ ಬಂದ ಹಕ್ಕೆಂದು ತಿಳಿದಿದ್ದೆ. ಈಗ ಹೀಯಾಳಿಸುವ ಧೈರ್ಯವಿಲ್ಲ. ನಂಬಿಬಿಟ್ಟೆನೆಂದಲ್ಲ, ಆ ವಿಷಯ ಬಂದರೆ ಸಾಕು, ಕಿವಿಯಲ್ಲಿ ಒಂದು ಸದ್ದು ಕೇಳಿಸುತ್ತದೆ. ಅದೇನು ಸದ್ದೆಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಂಡತಿ ರುಕ್ಮಿಣಿಗೆ ತಾಯಿ ಇಲ್ಲ. ಹಾಗಾಗಿ ಮೊದಲ ಬಾಣಂತನ ತವರಿನ ಬದಲು ಬಸವನಗುಡಿಯ ನಮ್ಮ ಮನೆಯಲ್ಲೇ ಎಂದು ಗೊತ್ತಾಯಿತು. ನನಗೆ ಮೊದಲಿನಿಂದಲೂ ಸಿದ್ಧತೆಯೆಂದರೆ ಪ್ರೀತಿ. ದಂಡಿನ ಕಡೆಯ ಒಂದು ಅಂಗಡಿಯಲ್ಲಿ ಬಿಳಿ ದೊರೆಗಳ ಮಕ್ಕಳ ಉಣ್ಣೆಯ ಅಂಗಿಗಳನ್ನು ಕಣ್ಣಾರೆ ನೋಡಿ ಬಂದು, ಅಮ್ಮನ ಮುಂದೆ ಸಣ್ಣದೊಂದು ಉಪನ್ಯಾಸ ಮಾಡಿದೆ.

"ಅಂಗಿ ಗಿಂಗಿ ಏನೂ ತರಬೇಡ ಕಣೋ," ಅಂದಳು ಅಮ್ಮ. "ಮೊದ್ಲು ಹುಟ್ಲಿ."

"ಹುಟ್ಟಿದ ದಿವಸ ಮೈಮೇಲೆ ಏನಮ್ಮ ಹಾಕೋದು?"

"ನಿನಗೇನು ಹಾಕಿದ್ದೆ? ನಿಮ್ಮಪ್ಪನ ಹಳೇ ಪಂಚೇಲಿ ಸುತ್ತಿದ್ದೆ. ಬಿ.ಎ. ಪಾಸಾಗ್ಲಿಲ್ವಾ ನೀನು?"

ಈ ವಾದಕ್ಕೆ ನನ್ನ ಕಾಲೇಜಿನಲ್ಲಿ ಯಾರೂ ಉತ್ತರ ಕಲಿಸಿರಲಿಲ್ಲ.

ಆದರೆ ನಿಯಮ ಕಟ್ಟುನಿಟ್ಟಾದಷ್ಟೂ ಅದರ ಸಂದುಗಳು ದೊಡ್ಡವು. ಕೆಲವು ದಿನಗಳಾದ ಮೇಲೆ ಅಮ್ಮನೇ ಚಿಕ್ಕಪೇಟೆಯಿಂದ ಮೆತ್ತನೆಯ ಮಲ್ಲಿನ ಬಟ್ಟೆ ತರಿಸಿದಳು. ಯಾಕೆಂದು ಕೇಳಿದರೆ, ದೇವರ ಪಾತ್ರೆ ಒರೆಸುವುದಕ್ಕಂತೆ. ನಮ್ಮ ದೇವರ ಪಾತ್ರೆಗಳು ಅದುವರೆಗೆ ಹುಣಿಸೇಹಣ್ಣು ಮತ್ತು ಚಿಂದಿಬಟ್ಟೆಗಳಲ್ಲಿ ತೃಪ್ತಿಯಾಗಿದ್ದವು. ಬಳೇಪೇಟೆಯಲ್ಲಿರುವ ನನ್ನ ಸೋದರತ್ತೆ ತುಂಗಮ್ಮ ಬಜೆಯ ಬೇರು, ಜಾಯಿಕಾಯಿ ತಂದಿಟ್ಟು, ತನಗೇ ಯಾಕೋ ಹೊಟ್ಟೆ ಸರಿಯಿಲ್ಲವೆಂದರು. ರುಕ್ಮಿಣಿ ಹಳೆಯ ಸೀರೆಗಳನ್ನು ಮಡಿಸಿ ಅಂಗೈಯಗಲದ ಕೌದಿಗಳನ್ನು ಹೊಲಿದಳು, ಬಂದವರಿಗೆ ಕೂರುವುದಕ್ಕಂತೆ. ಬರುವವರು ಬೆಕ್ಕಿನಷ್ಟಿದ್ದರೆ ಕೂರಬಹುದಾಗಿತ್ತು. ಮಗುವಿಗೆಂದು ಏನನ್ನೂ ತರಬಾರದು, ಮನೆಗೆಂದು ಎಷ್ಟು ಬೇಕಾದರೂ ತರಬಹುದು. ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಮೋಸ ಹೋಗಬೇಕಾದದ್ದು ವಿಧಿಯೊಂದೇ. ಪ್ರಪಂಚವನ್ನೆಲ್ಲ ಆಳುವ ವಿಧಿ ಪಾತ್ರೆ ಒರೆಸುವ ಬಟ್ಟೆಗೆ ಮೋಸ ಹೋಗುತ್ತದೆಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿತು. ನಾನೂ ಸೇರಿಕೊಂಡೆ.

ನನ್ನ ಪಾಲಿಗೆ ಬಂದದ್ದು ಕೊಕ್ಕೆ. ತೊಟ್ಟಿಲು ಹೊಸದಾಗಿ ಕೊಳ್ಳುವ ಮಾತೇ ಇರಲಿಲ್ಲ. ನಮ್ಮಪ್ಪ, ಅತ್ತೆ, ನಾನು, ಎಲ್ಲರೂ ಅತ್ತು ಮಲಗಿದ ಬೀಟೆಮರದ ತೊಟ್ಟಿಲು ಅತ್ತೆಯ ಮನೆಯ ಅಟ್ಟದಲ್ಲಿತ್ತು. ಅದು ನಾಮಕರಣದ ದಿನವೇ ಬರಬೇಕು, ಅದಕ್ಕೆ ಮೊದಲು ಹೊಸ್ತಿಲು ದಾಟಕೂಡದು. ಖಾಲಿ ತೊಟ್ಟಿಲನ್ನಂತೂ ತೂಗಲೇಕೂಡದು. ಆದರೆ ತೂಗುಹಾಕಲು ಕೊಕ್ಕೆ ಬೇಕಲ್ಲ? ಪ್ಲೇಗು ಬಂದು ಜನ ಪೇಟೆ ಬಿಟ್ಟು ಬಂದಮೇಲೆ ಕಟ್ಟಿಸಿದ ಹೊಸ ಮನೆ ನಮ್ಮದು. ಅದರಲ್ಲಿ ಇನ್ನೂ ಮಗುವೇ ಹುಟ್ಟಿರಲಿಲ್ಲವಾಗಿ ನಡುಮನೆಯ ತೊಲೆ ಬೋಳಾಗಿತ್ತು. ಬಡಗಿ ಮುನಿಯಪ್ಪನನ್ನು ಕರೆಸಿದೆ. ಅವನು ತೊಲೆಯನ್ನು ನೋಡಿ, "ಏನು ತೂಗಾಕ್ತೀರಾ ಸ್ವಾಮಿ?" ಎಂದು ಕೇಳಿದ.

ಕೇಳಬೇಕಾದ ಪ್ರಶ್ನೆಯೇ. ನಾನು ಬಾಯಿ ತೆರೆದೆ. ಅಡಿಗೆಮನೆಯೊಳಗಿನಿಂದ ಅಮ್ಮ ಕೆಮ್ಮಿದಳು.

"ದೀಪ," ಎಂದೆ.

"ಯಾವ ಥರದ್ದು?"

"ದೊಡ್ಡ ದೀಪ."

ನನ್ನ ಸತ್ಯಸಂಧತೆ 'ದೊಡ್ಡ' ಎಂಬಲ್ಲಿಗೆ ಮುಗಿಯಿತು. ಮುನಿಯಪ್ಪ ಬಳೇಪೇಟೆಗೆ ಹೋಗಿ ತಿರುಪು ಇರುವ ಚಂದದ ಕೊಕ್ಕೆಯೊಂದನ್ನು ತಂದು ತೊಲೆಗೆ ತಿರುಗಿಸಿ ಕೂರಿಸಿದ. "ನಿಮ್ಮ ಮೊಮ್ಮಕ್ಳ ಕಾಲಕ್ಕೂ ದೀಪ ಉರೀತದೆ ಬಿಡಿ," ಎಂದು ಹರಸಿ ಹೋದ.

ಒಂದು ಮಧ್ಯಾಹ್ನ ನಡುಮನೆಯಲ್ಲಿ ಚಾಪೆಯ ಮೇಲೆ ಒರಗಿದ್ದ ರುಕ್ಮಿಣಿ ಮೇಲೆ ನೋಡುತ್ತ, "ಅದು ತಡೆಯುತ್ತೇನ್ರೀ?" ಎಂದಳು. "ಬಾಯಲ್ಲಿ ಆಡಬೇಡ ಕಣೇ ಅದನ್ನ!" ಎಂದು ಅಮ್ಮ ಗದರಿಸಿದಳು. ನಾನು ಮಾತ್ರ ವಿದ್ಯಾವಂತನಿಗೆ ತಕ್ಕಂತೆ ಕಬ್ಬಿಣದ ಎಳೆತ ತಡೆಯುವ ಶಕ್ತಿಯ ಮೇಲೆ ಹೆಂಡತಿಗೆ ಪಾಠ ಮಾಡಿದೆ. ನಾನು ಹೇಳಿದ್ದೆಲ್ಲ ನಿಜವೇ. ಆ ಕಬ್ಬಿಣ ಇವತ್ತಿಗೂ ಮುರಿದಿಲ್ಲ, ಬಾಗಿಲ್ಲ. ಅದು ಹಿಡಿದುಕೊಂಡಿದ್ದ ಮರದ ಬಗ್ಗೆ ಮಾತ್ರ ನನ್ನ ಪಠ್ಯಪುಸ್ತಕದಲ್ಲಿ ಅಧ್ಯಾಯವಿರಲಿಲ್ಲ. ಬೇಕಾದರೆ ನಾನೇ ಜೋತುಬಿದ್ದು ತೋರಿಸುತ್ತೇನೆಂದು ಎದ್ದಾಗ ಅಮ್ಮ, "ಬಸುರಿ ಇರೋ ಮನೇಲಿ ಗಂಡಸು ತೊಲೆಗೆ ನೇತಾಡ್ತಾನಂತೆ! ಕೂತ್ಕೋ ಸುಮ್ನೆ," ಎಂದಳು. ಕೂತೆ. ಹೀಗೆ ಆ ಕೊಕ್ಕೆಯನ್ನು ಪರೀಕ್ಷಿಸುವ ದಾರಿಗಳೆಲ್ಲ ಅಶುಭವೆಂದು ತೀರ್ಮಾನವಾಗಿ, ಅದು ನಿಶ್ಚಿಂತೆಯಾಗಿ ತೊಲೆಯಲ್ಲಿ ಉಳಿಯಿತು. ಯಾವ ದೀಪವನ್ನೂ ಅದಕ್ಕೆ ಹಾಕಲಿಲ್ಲ. ನಮ್ಮಲ್ಲಿ ಅಂಥ ದೀಪವೇ ಇರಲಿಲ್ಲ.

ಹೆಣ್ಣುಮಗು ಹುಟ್ಟಿತು. ತಾಯಿಯೂ ಮಗುವೂ ಕ್ಷೇಮ. ನಾಮಕರಣದ ದಿನ ಬೆಳಿಗ್ಗೆ ಎತ್ತಿನ ಗಾಡಿಯಲ್ಲಿ ತೊಟ್ಟಿಲು ಬಂತು. ಅದನ್ನು ಇಳಿಸುವಾಗ ಗಾಡಿಯವನು ಭಾರಕ್ಕೆ ದೇವರನ್ನು ನೆನೆದದ್ದನ್ನು ನಾನು ಕೇಳಿಸಿಕೊಂಡೆ, ಗಮನಿಸಲಿಲ್ಲ. ಹಿತ್ತಾಳೆ ಸರಪಣಿಗಳನ್ನು ಒಂದೇ ಬಳೆಗೆ ಸೇರಿಸಿ ಕೊಕ್ಕೆಗೆ ಹಾಕಿದರು. ಹೂ ಸುತ್ತಿದರು. ಹೆಂಗಸರು ನಡುಮನೆ ತುಂಬಿದರು.

ತೊಟ್ಟಿಲಿಗೆ ಮಗುವನ್ನು ಹಾಕುವ ಮೊದಲು ಗುಂಡುಕಲ್ಲನ್ನು ಹಾಕುವುದು ನಮ್ಮಲ್ಲಿ ಶಾಸ್ತ್ರ. ಒರಳಿನಲ್ಲಿ ರುಬ್ಬುವ ಆ ಕಲ್ಲನ್ನೇ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ, ಮಗುವಿನಂತೆ ಮಲಗಿಸಿ ತೂಗುತ್ತಾರೆ. ಆಮೇಲೆ ಅದನ್ನು ತೆಗೆದು ಮಗುವನ್ನು ಹಾಕುತ್ತಾರೆ. ಯಾಕೆಂದು ಕೇಳಿದರೆ, ಮಗು ಕಲ್ಲಿನಂತೆ ಗಟ್ಟಿಯಾಗಲಿ ಎಂದು ಒಬ್ಬರು, ದೃಷ್ಟಿ ಕಲ್ಲಿಗೆ ಹೋಗಲಿ ಎಂದು ಇನ್ನೊಬ್ಬರು. ಆ ದಿನ ಕಲ್ಲಿಗೆ ತೊಡಿಸುವ ಕುಲಾವಿ ಎಲ್ಲಿಟ್ಟರೆಂದು ಹುಡುಕಾಟ ನಡೆದಿತ್ತು. ರಾಹುಕಾಲ ಹತ್ತಿರವಾಗಿತ್ತು. ನಾನು ಬಾಗಿಲಲ್ಲಿ ಗಡಿಯಾರ ಹಿಡಿದು ನಿಂತಿದ್ದೆ. ರಾಹುಕಾಲವನ್ನು ನಾನೇನೂ ನಂಬುವವನಲ್ಲ. ಆದರೆ ಗಡಿಯಾರ ಹೊಸದು.

"ಕಲ್ಲು ಗಿಲ್ಲು ಬೇಡ ಬಿಡಮ್ಮ," ಎಂದೆ. "ಹೊತ್ತಾಗ್ತಿದೆ. ಕಲ್ಲನ್ನ ತೂಗಿ ಏನಾಗ್ಬೇಕು? ಮಗೂನೇ ಹಾಕು."

ಅಮ್ಮನೂ ದಣಿದಿದ್ದಳು. ಮಗುವನ್ನು ಎತ್ತಿಕೊಂಡು ತೊಟ್ಟಿಲ ಮೇಲೆ ಬಾಗಿದಳು. ಬಾಗಿದ್ದಳು. ಮಗುವಿನ ಹಿಮ್ಮಡಿ ತೊಟ್ಟಿಲ ಅಂಚನ್ನು ಮುಟ್ಟಿದ್ದನ್ನು ನಾನು ನೋಡಿದ್ದೇನೆ.

"ಏ, ನಿಲ್ಲೇ!" ಅಂದರು ತುಂಗತ್ತೆ. "ಅವನ ಮಾತು ಯಾಕೆ ಕಟ್ಕೊಂಡೆ? ನೀನು ಆಚೆ ಹೋಗಿ ಗಂಡಸರ ಜೊತೆ ಕೂತ್ಕೊಳೋ, ದೊಡ್ಡ ಬಿ.ಎ.! ಕಲ್ಲು ತನ್ರೇ, ಕುಲಾವಿ ಇಲ್ದಿದ್ರೆ ನನ್ನ ಸೆರಗು ಸುತ್ತಿ."

ಅಮ್ಮ ಮಗುವನ್ನು ಎದೆಗೊತ್ತಿಕೊಂಡು ಹಿಂದೆ ಸರಿದಳು. ಕಲ್ಲು ಬಂತು. ಮಲಗಿಸಿದರು. ಜೋಗುಳ ಶುರುವಾಯಿತು. ಎರಡು ಸಲ ತೂಗಿರಬೇಕು. ಒದ್ದೆ ಸೌದೆ ಸೀಳಿದ ಹಾಗೆ ತೊಲೆಯಲ್ಲೊಂದು ಸದ್ದಾಯಿತು. ದೊಡ್ಡ ಸದ್ದೇನೂ ಅಲ್ಲ. ಬೀಟೆಮರ, ಹಿತ್ತಾಳೆ, ಹೂವು, ಕಲ್ಲು ಎಲ್ಲ ಒಟ್ಟಿಗೆ ನೆಲಕ್ಕೆ ಬಂದವು. ಮೊದಲು ತೊಟ್ಟಿಲು ಮಗುಚಿತು, ಕಲ್ಲು ಕೆಳಗೆ ಬಿತ್ತು, ಅದರ ಮೇಲೆ ತೊಟ್ಟಿಲ ದಪ್ಪ ಅಂಚು ಬಿತ್ತು. ಕಲ್ಲಿನ ಕೆಳಗೆ ಗಾರೆ ನೆಲ ಒಡೆಯಿತು. ಕಲ್ಲಿಗೇನೂ ಆಗಲಿಲ್ಲ. ಕಲ್ಲು ತಾನೇ.

ಜೋಗುಳ ಅಲ್ಲಿಗೇ ನಿಂತಿತು. ಕಿವಿ ಕೇಳದ ಪಕ್ಕದ ಮನೆಯ ಅಜ್ಜಿಯೊಬ್ಬರು ಮಾತ್ರ ಕಣ್ಣು ಮುಚ್ಚಿಕೊಂಡು ಜೋಗುಳದ ಮುಂದಿನ ನುಡಿಯನ್ನೂ ಹಾಡಿ ಮುಗಿಸಿದರು. ಅಮ್ಮನ ತೋಳಲ್ಲಿ ನನ್ನ ಮಗಳು ಆಕಳಿಸಿದಳು.

ಆಮೇಲೆ ನಡೆದದ್ದು ವ್ಯಾಖ್ಯಾನ. "ಹುಟ್ಟೋಕ್ಕೆ ಮುಂಚೆ ಕೊಕ್ಕೆ ತಂದದ್ದಕ್ಕೇ ಹೀಗಾಯ್ತು," ಎಂದು ಅಮ್ಮ. ದೀಪದ ಕಟ್ಟುಕತೆಗೆ ಕೆಮ್ಮಿ ಸೂಚನೆ ಕೊಟ್ಟವಳು ತಾನೇ ಎಂಬುದು ಅವಳಿಗೆ ನೆನಪಿರಲಿಲ್ಲ. "ಕಲ್ಲು ಮಗೂನ ಕಾಪಾಡ್ತು," ಎಂದು ಅತ್ತೆ. ಊಟಕ್ಕೆ ಬಂದವರೆಲ್ಲ ತೊಲೆಯಲ್ಲಿನ ತೂತನ್ನು ನೋಡಿ, ತಮಗೆ ಮೊದಲೇ ಅನುಮಾನವಿತ್ತೆಂದು ಹೇಳಿ, ಚಿರೋಟಿ ಹಾಕಿಸಿಕೊಂಡರು. ನಾನು ಯಾರನ್ನಾದರೂ ಬೈಯಲೇಬೇಕಾಗಿತ್ತು. ಮುನಿಯಪ್ಪನ ಮನೆಗೆ ಹೋಗಿ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

"ದೀಪ ಅಂದ್ರಿ," ಅಂದ. "ದೀಪ ಹಾಕಿದ್ರಾ? ಬಿತ್ತಾ?"

"ಅಲ್ಲಯ್ಯಾ, ಬಸುರಿ ಹೆಂಗಸು ಇರೋ ಮನೆ, ನಡುಮನೆ ತೊಲೆಗೆ ಕೊಕ್ಕೆ ಅಂದ್ರೆ ನಿನಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಸ್ವಾಮಿ. ನಾನೂ ಮಕ್ಕಳೊಂದಿಗ. ನೀವೇ ಬಾಯಿಬಿಡದೆ ದೀಪ ಅಂದ್ಮೇಲೆ, ನಾನು ಬಾಯಿಬಿಟ್ಟು ತೊಟ್ಲು ಅಂದು, ಏನಾದ್ರೂ ಆಗಿದ್ರೆ? ಮನೆಗೆ ಬಂದು ಹೀಗೇ ಬೈತಿರ್ಲಿಲ್ವಾ? ದೀಪಕ್ಕೆ ಸಾಕಾಗೋ ಗಿಡ್ಡ ತಿರುಪೇ ಹಾಕ್ದೆ. ಹಗುರ ತೊಟ್ಲು ತರ್ತೀರಿ ಅಂದ್ಕೊಂಡೆ."

ಅಂದರೆ ಅವನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಒಬ್ಬರೂ ಹೇಳದೆ ಇದ್ದುದರಿಂದ, ಆ ತೊಲೆಯಲ್ಲಿ ಒಂದು ದೀಪದ ಕೊಕ್ಕೆ ನನ್ನ ಮಗಳಿಗಾಗಿ ಕಾದು ಕೂತಿತ್ತು. ನಾನು ಮನೆಗೆ ಬಂದೆ. ಬೈಗುಳಕ್ಕೆ ಬೇರೆ ವಿಳಾಸ ಸಿಗಲಿಲ್ಲ.

ಬಾಣಂತಿ ಕೋಣೆಯ ಬಾಗಿಲಿನಿಂದ ರುಕ್ಮಿಣಿ ಎಲ್ಲವನ್ನೂ ನೋಡಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಂದು ದಿನ ಮಗುವಿಗೆ ಹಾಲು ಕುಡಿಸುತ್ತ, "ಆವತ್ತು ನೀವು ಕಲ್ಲು ಗಿಲ್ಲು ಬೇಡ ಅಂದ್ರಲ್ಲ..." ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟಳು. ಆ ವಾಕ್ಯವನ್ನು ಅವಳು ಈವರೆಗೂ ಮುಗಿಸಿಲ್ಲ. ನಾನು ಅವಳಿಗಾಗಿ ದಿನವೂ ಮುಗಿಸುತ್ತೇನೆ. ತರಗತಿಯಲ್ಲಿ ಬೀಳುವ ವಸ್ತುಗಳ ಪಾಠ ಮಾಡುವಾಗ, ಸ್ನಾನ ಮಾಡುವಾಗ, ಜಟಕಾದಲ್ಲಿ ಕೂತಾಗ, ಅಮ್ಮ ಬಾಗುತ್ತಾಳೆ, ಹಿಮ್ಮಡಿ ತೊಟ್ಟಿಲನ್ನು ಮುಟ್ಟುತ್ತದೆ, ಮತ್ತು ಒಮ್ಮೊಮ್ಮೆ ತುಂಗತ್ತೆ ಕೂಗುವುದೇ ಇಲ್ಲ. ಹೆಂಗಸರ ನಡುವೆ ನನ್ನ ಮಾತು ನಡೆಯುವುದಿಲ್ಲವೆಂದು ಮದುವೆಯಾದಂದಿನಿಂದ ಗೆಳೆಯರ ಹತ್ತಿರ ಗೊಣಗಿದವನು ನಾನು. ನನ್ನ ಮಾತು ನಡೆಯದೆ ಹೋದದ್ದಕ್ಕೆ ನನ್ನ ಮಗಳು ಇವತ್ತು ನನ್ನ ಮೀಸೆ ಎಳೆಯುತ್ತಿದ್ದಾಳೆ.

ಮೊನ್ನೆ ನಮ್ಮ ಶಾಲೆಯ ಇತಿಹಾಸದ ಮೇಷ್ಟರು ಶಾಮರಾಯರು ಬಿಡುವಿನ ವೇಳೆಯಲ್ಲಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅವರ ಮನೆಯಲ್ಲೂ ಚೊಚ್ಚಲು. "ನಮ್ಮ ತಾಯಿ ಏನೂ ತರಕೂಡದು ಅಂತಾರೆ. ನೀವು ವಿಜ್ಞಾನದೋರು, ಹೇಳಿ. ಮುಂಚೆ ಏನೇನು ತಂದಿಟ್ಕೋಬೇಕು?" ಎಂದು ಕೇಳಿದರು.

ಹೇಳಬೇಕಾದದ್ದು ಎಷ್ಟೋ ಇತ್ತು. ಮುಚ್ಚುಮರೆ ಬೇಡ, ಬೇಕಾದ್ದನ್ನು ಬಾಯಿಬಿಟ್ಟು ಕೇಳಿ ಎಂದು ಹೇಳಬಹುದಾಗಿತ್ತು. ಬಾಯಿಗೆ ಬಂದದ್ದೇ ಬೇರೆ.

"ಒಂದು ಗುಂಡುಕಲ್ಲು ತನ್ನಿ," ಎಂದೆ. "ಮಗುವಿಗಿಂತ ಭಾರವಾಗಿರಲಿ."

ಶಾಮರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ತೊಟ್ಟಿಲು ಬಿದ್ದ ಕತೆಯನ್ನೂ ಸೇರಿಸಿ ಮೇಷ್ಟರುಗಳಿಗೆಲ್ಲ ಹೇಳಿಕೊಂಡು ಬಂದರು. ಈಗ ನಾನು ಮೇಷ್ಟರುಗಳ ಕೋಣೆಯೊಳಗೆ ಕಾಲಿಟ್ಟರೆ ಯಾರಾದರೊಬ್ಬರು ಎದ್ದು, ಖಾಲಿ ಕುರ್ಚಿಯನ್ನು ಎರಡು ಕೈಯಲ್ಲೂ ಅದುಮಿ ನೋಡಿ, "ಗಟ್ಟಿಯಾಗಿದೆ, ಕೂತ್ಕೊಳ್ಳಿ ಸಾರ್," ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಅವರು ತಮ್ಮ ತಮ್ಮ ಕೆಲಸಕ್ಕೆ ತಿರುಗಿಕೊಂಡ ಮೇಲೆ, ನಾನೂ ಒಂದು ಸಲ ಅದುಮಿ ನೋಡಿ ಕೂರುತ್ತೇನೆ.